ಹುಣಸೆಮರದ ಏರಿನ ಹಳದಿ ದೀಪ

ಆ ದೀಪ ಹೆಬ್ಬೆರಳಿನ ಉಗುರಿಗಿಂತ ದೊಡ್ಡದೇನಲ್ಲ. ಸ್ಟೀರಿಂಗಿನ ಹಿಂದೆ, ಸ್ಪೀಡು ತೋರಿಸುವ ಮುಳ್ಳಿನ ಪಕ್ಕದಲ್ಲಿ, ಪುಟ್ಟ ಇಂಜಿನ್ನಿನ ಆಕಾರದಲ್ಲಿ ಹಳದಿಯಾಗಿ ಹತ್ತುತ್ತಿತ್ತು. ಅದು ಹತ್ತಿತೋ, ಶಿವಮಲ್ಲುವಿನ ಪಿಕಪ್ ಗಾಡಿಗೆ ಎಲ್ಲಿಲ್ಲದ ವೈರಾಗ್ಯ ಬಂದುಬಿಡುತ್ತಿತ್ತು. ಆಕ್ಸಿಲೇಟರನ್ನು ನೆಲಕ್ಕೆ ಅಂಟುವಂತೆ ತುಳಿದರೂ ಇಪ್ಪತ್ತರ ಮೇಲೆ ಹೋಗುತ್ತಿರಲಿಲ್ಲ. ಏರು ಸಿಕ್ಕರೆ ಅದೂ ಇಲ್ಲ, ಕೆರೆಗಿಳಿದ ಎಮ್ಮೆಯ ಹಾಗೆ, ನೀನೇನು ಬೇಕಾದರೂ ಮಾಡಿಕೋ ಎಂದು ನಿಂತುಬಿಡುತ್ತಿತ್ತು. ಕೀಲಿ ತಿರುಗಿಸಿ ಆರಿಸಿ, ಅರ್ಧ ಗಂಟೆ ಸುಮ್ಮನೆ ಕೂತು ಮತ್ತೆ ಹಚ್ಚಿದರೆ ದೀಪವೂ ಇಲ್ಲ, ಕಾಯಿಲೆಯೂ ಇಲ್ಲ.

ಇದರ ದೊಡ್ಡ ಕೆಟ್ಟತನವೆಂದರೆ ನಾಲ್ಕು ಜನರ ಮುಂದೆ ಅದು ಬಾಯಿ ಬಿಡುತ್ತಿರಲಿಲ್ಲ. ಒಬ್ಬನೇ ಇದ್ದಾಗ, ಬೆನ್ನ ಮೇಲೆ ಭಾರವಿದ್ದಾಗ, ಏರಿನಲ್ಲಿ ಹತ್ತುತ್ತಿತ್ತು. ಯಾರನ್ನಾದರೂ ಕರೆತಂದು ತೋರಿಸಿದರೆ ನನಗೇನೂ ಗೊತ್ತಿಲ್ಲ ಎಂಬಂತೆ ಆರಿಕೊಂಡಿರುತ್ತಿತ್ತು. ಘಾಟಿಯ ಇಪ್ಪತ್ತೇಳು ತಿರುವು ಇಳಿಸಿ ಕೆಳಗಿನ ಸರ್ವಿಸ್ ಸೆಂಟರಿಗೂ ಒಯ್ದಾಯಿತು. ಅವರು ಒಂದು ಪೆಟ್ಟಿಗೆ ತಂದು ವೈರು ಸಿಕ್ಕಿಸಿ, 'ವಂಡಿ ಚೆನ್ನಾಗಿದೆ, ಹೋಗಿ ಬಾ' ಎಂದರು. ಅಲ್ಲಿಂದ ಗೊಬ್ಬರ ಹೇರಿಕೊಂಡು ಬರುವಾಗ ಒಂಬತ್ತನೇ ತಿರುವಿನಲ್ಲೇ ದೀಪ ಹತ್ತಿತು. 'ಚೆನ್ನಾಗಿದೆ' ಎಂದವರನ್ನು ನೆನೆಸಿಕೊಂಡು ಶಿವಮಲ್ಲು ಅಲ್ಲೇ ಕೂತು ಒಂದು ಬೀಡಿ ಸೇದಿದ.

ಗಾಡಿಯ ಕತೆ ಹೀಗಾದರೆ, ಶಿವಮಲ್ಲುವಿನ ಕತೆ ಇನ್ನೂ ಕಷ್ಟದ್ದು. ಹೆಣ್ಣು ನೋಡಿ ನೋಡಿ ಸಾಕಾಗಿ, ಮೂವತ್ಮೂರನೇ ವಯಸ್ಸಿಗೆ, ಅಂತೂ ಇಂತೂ ದೊಡ್ಡಗಾಜನೂರಿನ ಈ ಮಹಾರಾಯನಿಗೆ ತಿಗನಾರೆಯ ಕವಿತ ಹೆಂಡತಿಯಾಗಿ ಬಂದಿದ್ದಳು. ಐದು ವಾರ. ಐದೇ ಐದು ವಾರ ಕಳೆದಿತ್ತು, ಆಷಾಢ ಬಂತು. ಆಷಾಢದಲ್ಲಿ ಹೊಸ ಸೊಸೆಯೂ ಅತ್ತೆಯೂ ಒಂದೇ ಹೊಸಿಲು ದಾಟಬಾರದು. ಹೊಸ ಅಳಿಯ ಹೆಣ್ಣು ಕೊಟ್ಟ ಮನೆಯ ಹೊಸಿಲು ತುಳಿಯಬಾರದು, ಆ ಮನೆಯ ಅತ್ತೆ ಅವನ ಮುಖ ನೋಡಬಾರದು. ಹೀಗೆ ಎಲ್ಲ ಹೊಸಿಲುಗಳೂ ಸೇರಿ ಕವಿತಳನ್ನು ತೌರಿಗೆ ಕಳಿಸಿದವು. ಒಂದು ತಿಂಗಳು ತಾನೇ, ಹಲ್ಲು ಕಚ್ಚಿಕೊಂಡಿದ್ದರಾಯಿತು ಎಂದುಕೊಂಡ ಶಿವಮಲ್ಲು.

ತಾಳವಾಡಿ ಗಡಿಸೀಮೆಯ ಗಂಡಸಿಗೆ ಅಷ್ಟು ಸುಲಭಕ್ಕೆ ಬಿಡುಗಡೆ ಉಂಟೇ? ಇಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು, ಗೋಡೆಯ ಮೇಲೆ ಎರಡು ಕ್ಯಾಲೆಂಡರು. ಆ ವರ್ಷ ನಮ್ಮ ಆಷಾಢ ಅಮಾವಾಸ್ಯೆಗೆ ಮುಗಿಯುವುದಕ್ಕೆ ಐದು ದಿನ ಮುಂಚೆಯೇ ತಮಿಳಿನವರ ಆಡಿ ತಿಂಗಳು ಹುಟ್ಟಿಕೊಂಡಿತು. ಆಡಿಯಲ್ಲೂ ಹೊಸ ಜೋಡಿ ಒಟ್ಟಿಗಿರುವಂತಿಲ್ಲ. ಕವಿತಳ ತಾಯಿ ಸರೋಜಾ ಎರಡು ಕ್ಯಾಲೆಂಡರನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ, "ಯಾವುದ್ ನಿಜವೋ ಯಾರ್ ಕಂಡರು? ಎರಡ್ನೂವೆ ಮಾಡ್ಬುಡವ, ದೋಸ ಬ್ಯಾಡ" ಎಂದು ತೀರ್ಪು ಕೊಟ್ಟಳು. ಒಟ್ಟು ಐವತ್ತೈದು ದಿನ. ಮದುವೆಯಾಗಿ ಜೊತೆಗಿದ್ದದ್ದು ಮೂವತ್ತೈದು.

ಕವಿತಳ ತೌರುಮನೆಯಲ್ಲಿ ಫೋನಿರಲಿಲ್ಲ. ಆ ಊರಿನಲ್ಲಿ ಸಿಗ್ನಲ್ಲು ಸಿಗಬೇಕಾದರೆ ನೀರಿನ ಟ್ಯಾಂಕು ಹತ್ತಬೇಕಿತ್ತು. ಕವಿತ ಟ್ಯಾಂಕು ಹತ್ತುವವಳಲ್ಲ. ಶಿವಮಲ್ಲುವಿಗೆ ಇದ್ದದ್ದು ಒಂದೇ ಸಮಾಧಾನ. ಆಚೆ ಊರುಗಳಿಂದ ಕೋಸು ತುಂಬಿಕೊಂಡು ಬರಲು ತಿಗನಾರೆಯ ಮೇಲೇ ಹೋಗಬೇಕು, ಊರಿಗೆ ಅರ್ಧ ಮೈಲಿ ಇರುವಾಗ ಹುಣಸೆಮರದ ಏರು ಅಂತ ಒಂದಿದೆ. ಈ ಆಷಾಢದಲ್ಲಿ ಮೂರು ಸಲ, ಹತ್ತಿಹಿಂಡಿ, ಗೊಬ್ಬರ ಹೇರಿಕೊಂಡು ಹೋಗುವಾಗ, ಸರಿಯಾಗಿ ಆ ಮರದ ಬುಡದಲ್ಲೇ ದೀಪ ಹತ್ತಿ ಗಾಡಿ ನಿಂತಿತ್ತು. ಆ ಅರ್ಧ ಗಂಟೆ ಅವನು ಬಾನೆಟ್ಟಿನ ಮೇಲೆ ಕೂತು, ದೂರದಲ್ಲಿ ಮಾವನ ಮನೆಯ ಹೆಂಚಿನ ಮೇಲೆ ಏಳುತ್ತಿದ್ದ ಹೊಗೆ ನೋಡುತ್ತಿದ್ದ. ಒಲೆ ಮುಂದೆ ಅವಳೇ ಕೂತಿರಬೇಕು ಅನ್ನಿಸುತ್ತಿತ್ತು. ಹೊಗೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡ ಗಂಡಸು ಆ ಸೀಮೆಯಲ್ಲಿ ಇವನೊಬ್ಬನೇ ಇರಬೇಕು.

ಇಪ್ಪತ್ತೇಳನೆಯ ದಿನ ಬೆಳಿಗ್ಗೆ, ಗಾಡಿಗೆ ಭಾರ ಏರಿಸಿ ಇಳಿಸುವ ರಾಚ ಓಡುತ್ತಾ ಬಂದ.

"ಲೋ ಮಲ್ಲು, ತಿಗನಾರೆ ಚಿಕ್ಕಸಿದ್ದಣ್ಣ ಏಳಿ ಕಳಿಸವ್ರ. ಒಲಕ್ಕ ಬೇಲಿ ಆಕ್ಬೇಕಂತ, ಅಂದಿ ಕಾಟ. ತಾಳವಾಡಿ ಮಹದೇವಯ್ಯನ ಅಂಗಳದಿಂದ ನಲವತ್ತು ಕಲ್ಲುಕಂಬ. ನಿನ್ ಗಾಡೀನೇ ಬೇಕಂತ, ಬೇರೆ ಗಾಡಿ ಬ್ಯಾಡವಂತ ಕಣ್ಲಾ!"

ಶಿವಮಲ್ಲು ಹಲ್ಲುಜ್ಜುತ್ತಿದ್ದವನು ನೊರೆ ನುಂಗಿಬಿಟ್ಟ. ಚಿಕ್ಕಸಿದ್ದನ ಹೊಲ ಎಲ್ಲಿದೆ? ಕವಿತಳ ಮನೆಯ ಎದುರಿಗೇ, ಮಧ್ಯೆ ಒಂದು ಕಳ್ಳಿಬೇಲಿ ಅಷ್ಟೆ. ನಲವತ್ತು ಕಂಬ ಇಳಿಸಲು ಒಂದು ಗಂಟೆ ಬೇಕೇ ಬೇಕು. ಬಾಡಿಗೆಗೆ ಹೋದವನನ್ನು ಯಾವ ಪಂಚಾಂಗವೂ ತಡೆಯುವಂತಿಲ್ಲ. ಹೊಸಿಲು ತುಳಿಯುವುದು ಬೇಡ, ಬೇಲಿಯಾಚೆಯಿಂದ ಒಂದು ಗಂಟೆ ಅವಳನ್ನು ನೋಡಿದರೆ ಸಾಕು. ಅವನು ಎರಡು ಸಲ ಗಡ್ಡ ಹೆರೆದುಕೊಂಡು, ಮದುವೆಯ ರೇಷ್ಮೆ ಅಂಗಿ ತೊಟ್ಟು ಹೊರಗೆ ಬಂದ.

ತಾಯಿ ಸಣ್ಣಮ್ಮ ಮೊರದಿಂದ ತಲೆಯೆತ್ತಿದಳು. "ಕಲ್ಲು ಒರಕ್ಕ ರೇಸ್ಮೆ ಅಂಗಿ ಯಾಕ್ಲಾ?"

"ಬ್ಯಾರೇವೆಲ್ಲ ಒಗ್ಯಕ್ಕ ಆಕಿವ್ನಿ ಕಣವ್ವ."

"ಓಹೋ! ಕಂಡಿವ್ನಿ ಬುಡು" ಎಂದು ಸಣ್ಣಮ್ಮ ಪಕ್ಕದ ಮನೆಯ ಕೆಂಚಮ್ಮನ ಕಡೆ ಒಂದು ನೋಟ ಹಾಯಿಸಿದಳು. ಆ ನೋಟದಲ್ಲಿ ಏನಿತ್ತೋ, ಐದು ನಿಮಿಷದಲ್ಲಿ ಕೆಂಚಮ್ಮ ಎಲೆಅಡಿಕೆ ಚೀಲ ಹಿಡಿದು ಗಾಡಿಯ ಮುಂದಿನ ಸೀಟಿನಲ್ಲಿ ಕೂತಿದ್ದಳು.

"ನಮ್ಮಕ್ಕ ಇರದು ತಿಗನಾರೇಲೇ ಅಲ್ವಾ? ನೋಡ್ಕ ಬತ್ತೀನಿ. ಒಳಗೆಲ್ಲ ಕಾಲಿಟ್ಟೀಯ ಕಣ್ಲಾ ಮಲ್ಲು, ನಿಮ್ಮವ್ವ ನನ್ನ್ ಕೇಳ್ತಳ" ಎಂದಳು. ಕಾವಲು ಕೂತಾಯಿತು. ಕೆಂಚಮ್ಮ ನೋಡಿದ್ದನ್ನು ಇಡೀ ದೊಡ್ಡಗಾಜನೂರು ನೋಡಿದಂತೆ.

ಮಹದೇವಯ್ಯನ ಅಂಗಳದಲ್ಲಿ ಕಂಬ ತುಂಬಿಸಿ ಹೊರಟಾಗ ಒಂಬತ್ತು ಗಂಟೆ. ರಾಚ ಹಿಂದೆ ಕಂಬಗಳ ಮೇಲೆ ಕೂತಿದ್ದ. ಅವರಿಬ್ಬರ ನಡುವೆ ಎಂದಿನಿಂದಲೂ ಒಂದು ಕಟ್ಟಳೆ. ಹಿಂದಿನಿಂದ ಕ್ಯಾಬಿನ್ನಿನ ತಲೆಯ ಮೇಲೆ ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಹೋಗು. ರಾಚ ಎರಡು ಸಲ ತಟ್ಟಿದ. ಗಾಡಿ ಹೊರಟಿತು. ತಾಳವಾಡಿ ದಾಟಿ ಮೊದಲ ದಿಣ್ಣೆ ಏರುವಷ್ಟರಲ್ಲಿ ಹಳದಿ ದೀಪ ಕಣ್ಣು ಬಿಟ್ಟಿತು.

ಶಿವಮಲ್ಲು ಬ್ರೇಕು ತುಳಿದ. ಈ ಸಣ್ಣ ದಿಣ್ಣೆಗೇ ಹೀಗಾದರೆ, ನಲವತ್ತು ಕಲ್ಲು ಹೊತ್ತು ಹುಣಸೆಮರದ ಏರು ಹತ್ತುವುದುಂಟೇ? ಅಲ್ಲಿ ಕೆಟ್ಟು ನಿಂತರೆ ಮರದ ಬುಡದಲ್ಲೇ ಸಂಜೆ. ಸಂಜೆಯಾದರೆ ಆ ರಸ್ತೆಗೆ ಆನೆ ಇಳಿಯುತ್ತದೆ, ವಾಪಸು ಬರಬೇಕು. ಅರ್ಧ ಮೈಲಿ ದೂರದಿಂದ ಮತ್ತೆ ಹೊಗೆ ನೋಡಿಕೊಂಡು! ಇವತ್ತು ಮಾತ್ರ ಆಗದು ಎಂದು ಅವನು ಗಾಡಿ ತಿರುಗಿಸಿ ನೇರ ಮುರುಗನ್ನನ ಶೆಡ್ಡಿಗೆ ತಂದ. ಶೆಡ್ಡಿನೊಳಕ್ಕೆ ಮುಂಗಾಲಿಟ್ಟ ಕೂಡಲೇ ದೀಪ ಆರಿತು.

ಮುರುಗನ್ ತಾಳವಾಡಿಯ ಹೆಸರಾಂತ ಮೆಕ್ಯಾನಿಕ್ಕು. ಕನ್ನಡವನ್ನು ತಮಿಳಿನಲ್ಲಿ ಅದ್ದಿ ಅದ್ದಿ ಮಾತಾಡುವವನು. ಒಳಗೆ ಇಣುಕಿ ನೋಡಿ ಕೈ ಒರೆಸಿಕೊಂಡ.

"ಲೈಟು ಎಲ್ಲಿ ಅಣ್ಣೇ?"

"ಈಗ ತಾನೇ ಇತ್ತು ಕಣಪ್ಪ! ಬಾಗಿಲವರ್ಗೂ ಇತ್ತು!"

"ಲೈಟು ಇರೋ ವಂಡಿ ತಗೊಂಡ್ ಬಾ. ಲೈಟು ಇಲ್ಲದ ವಂಡೀಲಿ ನಾನು ಏನಂತ ಪಾಕಲಿ, ಏನಂತ ನೋಡಲಿ? ಡಾಕ್ಟ್ರತ್ರ ಓಗಿ, ನಿನ್ನೆ ಜ್ವರ ಇತ್ತು ಅಂದಂಗೆ ಆಯ್ತು."

"ಸುಳ್ಳು ಕಣ ಮುರುಗಾ" ಎಂದು ಕೆಂಚಮ್ಮ ಕಿಟಕಿಯಿಂದ ಕತ್ತು ಹಾಕಿದಳು. "ಗಾಡಿಗ ಏನೂ ಆಗಿಲ್ಲ. ಆಸಾಡ ಬಂದಿರದು ಇವ್ನಿಗ. ಇಂಜಿನ್ನು ಸೋತಿಲ್ಲ, ಇವ್ನೇ ಸೋತಿರದು."

ಶೆಡ್ಡಿನಲ್ಲಿದ್ದವರೆಲ್ಲ ಗೊಳ್ಳೆಂದರು. ನಗು ಕೇಳಿ ಟೀ ಅಂಗಡಿಯವರು ಬಂದರು. ಸ್ವಲ್ಪ ಹೊತ್ತಿಗೆ ಕಂಬ ಮಾರಿದ ಮಹದೇವಯ್ಯನೂ, ತನ್ನ ಕಂಬಗಳು ಇನ್ನೂ ಊರು ಬಿಟ್ಟಿಲ್ಲವೆಂದು ಕೇಳಿ, ಟವೆಲು ಹೆಗಲಿಗೆ ಹಾಕಿಕೊಂಡು ಬಂದರು. ಡೀಸೆಲ್ಲಿನಲ್ಲಿ ನೀರಿದೆ ಎಂದರು ಅವರು. ಮುರುಗನ್ ಫಿಲ್ಟರು ಬಿಚ್ಚಿ ಬಾಟಲಿಗೆ ಹಿಡಿದ. ಡೀಸೆಲ್ಲು ತಿಳಿಯಾಗಿತ್ತು. ಹಾಗಾದರೆ ಗಾಳಿ ಎಳೆಯುವ ರಬ್ಬರು ಪೈಪು ಒಡೆದಿದೆ ಎಂದರು. ಪೈಪು ಬಿಚ್ಚಿ ನೀರಲ್ಲಿ ಅದ್ದಿ ಊದಿದ್ದಾಯಿತು, ಒಂದು ಗುಳ್ಳೆಯೂ ಬರಲಿಲ್ಲ. "ನೋಡುದ್ಯಾ, ಗಾಡಿ ಚೆನ್ನಾಗದ, ಹುಡುಗನ್ನ ಬಿಚ್ಚಿ ನೋಡಿ" ಎಂದರು ಮಹದೇವಯ್ಯ. ಮತ್ತೆ ನಗು. ಹೊತ್ತು ಹನ್ನೆರಡಾಗಿತ್ತು.

ಶಿವಮಲ್ಲುವಿಗೆ ಅಳು ಬರುವುದೊಂದು ಬಾಕಿ. "ನಗಿ, ಎಲ್ಲಾರೂ ನಗಿ" ಎಂದ. "ಇಪ್ಪತ್ತೇಳು ದಿನ ಆಯ್ತು ಅವಳ್ ಮೊಕ ನೋಡಿ. ಇವತ್ತೊಂದಿನ ನೋಡ್ತಿದ್ದೆ, ಅದುನ್ನೂ ನುಂಗ್ತದ ಈ ದರಿದ್ರದ್ದು." ಅಂದವನೇ ಬಂಪರಿಗೆ ಒಂದು ಒದೆ ಕೊಟ್ಟ. ಕಾಲು ನೊಂದಿತು. ಯಾರೂ ನಗಲಿಲ್ಲ.

ಮುರುಗನ್ನನಿಗೂ ಮದುವೆಯಾಗಿ ಎರಡೇ ವರ್ಷ. ಅವನು ಸ್ವಲ್ಪ ಹೊತ್ತು ಗಾಡಿಯನ್ನು, ಸ್ವಲ್ಪ ಹೊತ್ತು ಶಿವಮಲ್ಲುವನ್ನು ನೋಡಿ ಕೇಳಿದ.

"ಯಾವಾಗ ಹತ್ತುತ್ತೆ, ನೆಪ್ಪು ಮಾಡ್ಕೊಂಡು ಸರಿಯಾಗಿ ಏಳು. ತಣ್ಣಗಿರುವಾಗಾ, ಬಿಸಿಯಾದಾಗಾ?"

"ಎರಡರಲ್ಲೂ ಹತ್ತುತ್ತದ."

"ಖಾಲಿ ವಂಡೀಲಿ?"

"ಇಲ್ಲ. ಲೋಡಿರ್ಬೇಕು. ಏರೂ ಇರ್ಬೇಕು. ಗಾಡಿ ತಿಣುಕಿ ಮುಕ್ಕಿರೀಬೇಕು."

"ಹಾಂಗ್! ಅಪ್ಪಡಿ, ಅಂಗೆ ಏಳು!" ಮುರುಗನ್ ಎದ್ದು ನಿಂತ. "ಇಲ್ಲಿ ನಿಂತ್ಕೊಂಡು ನೋಡಿದ್ರೆ ಅದು ಎಂಗೆ ಸಿಕ್ತದೆ? ಅದುನ್ನ ಇಲ್ಲೇ ಮುಕ್ಕಿರಿಸ್ಬೇಕು."

ಶೆಡ್ಡಿನ ಎದುರಿಗೆ ಹಳೆಯ ಬೇವಿನಮರ. ಲಾರಿಯವರ ದಪ್ಪ ಹಗ್ಗ ತಂದು ಗಾಡಿಯ ಹಿಂಭಾಗಕ್ಕೂ ಮರಕ್ಕೂ ಬಿಗಿದರು. ಬಾನೆಟ್ಟು ಎತ್ತಿ ಮುರುಗನ್ ಪಕ್ಕದಿಂದ ಇಂಜಿನ್ನಿನೊಳಕ್ಕೆ ಟಾರ್ಚು ಬಿಟ್ಟುಕೊಂಡು ಬಗ್ಗಿದ. ಶಿವಮಲ್ಲು ಮೊದಲ ಗೇರಿಗೆ ಹಾಕಿ ನಿಧಾನಕ್ಕೆ ತುಳಿದ. ಗಾಡಿ ಮುಂದಕ್ಕೆ ಜಗ್ಗಿತು, ಹಗ್ಗ ಬಿಗಿಯಿತು, ಮರ ಅಲುಗಾಡಿ ಬೇವಿನಹಣ್ಣು ಉದುರಿತು. ಸಂತೆಗೆ ಬಂದವರೆಲ್ಲ, ಈ ಮರ ಯಾವ ತಪ್ಪು ಮಾಡಿತೆಂದು ಕಿತ್ತುಹಾಕುತ್ತಿದ್ದಾರೆ ಎಂದು ಸುತ್ತ ನಿಂತರು. "ಇನ್ನೂ ತುಳಿ! ಇನ್ನೂ!" ಎಂದು ಮುರುಗನ್ ಕೂಗಿದ. ಶಿವಮಲ್ಲು ತುಳಿದ. ಇಂಜಿನ್ನು ತನ್ನ ಜಾಗದಲ್ಲೇ ಒಂದು ಕಡೆಗೆ ವಾಲಿತು.

"ಅತ್ತುತು! ದೀಪ ಅತ್ತುತು!" ಎಂದು ಶಿವಮಲ್ಲು ಕಿರುಚಿದ. ಮಗ ಹುಟ್ಟಿದ ಸುದ್ದಿ ಕೇಳಿದವನಷ್ಟು ಸಂತೋಷ ಅವನಿಗೆ.

"ಸಿಕ್ಕುತು!" ಎಂದು ಮುರುಗನ್ ಅಷ್ಟೇ ಜೋರಾಗಿ ಕಿರುಚಿ, ಗಾಡಿ ಆರಿಸಲು ಹೇಳಿ, ಒಳಗಿನಿಂದ ಬೆರಳ ತುದಿಯಲ್ಲಿ ಒಂದು ವಸ್ತುವನ್ನು ಎತ್ತಿ ತೋರಿಸಿದ. ಕರಿಯ ದಾರ. ದಾರದಲ್ಲಿ ಪೋಣಿಸಿದ ಒಂದು ತಾಮ್ರದ ತಾಯ್ತ. ದಾರದ ಒಂದು ತುದಿ ಇಂಜಿನ್ನಿನ ಕಬ್ಬಿಣದ ಕೊಂಡಿಗೆ, ಇನ್ನೊಂದು ತುದಿ ಗಾಡಿಯ ಮೈಗೆ ಅಂಟಿದ್ದ ವೈರುಗಳ ಗಂಟಿಗೆ. ಇಂಜಿನ್ನು ಭಾರ ಎಳೆದು ವಾಲಿದಾಗಲೆಲ್ಲ ದಾರ ಜಗ್ಗಿ ವೈರಿನ ಪ್ಲಗ್ಗನ್ನು ಕೂದಲೆಳೆಯಷ್ಟು ಹೊರಕ್ಕೆ ಎಳೆಯುತ್ತಿತ್ತು. ಸುಮ್ಮನೆ ನಿಂತಾಗ ಅದು ಮತ್ತೆ ಸ್ವಸ್ಥಾನಕ್ಕೆ ಹೋಗಿ ಕೂರುತ್ತಿತ್ತು. ಕೆಳಗಿನ ಪೆಟ್ಟಿಗೆಯವರಿಗೆ ಕಾಣದೇ ಹೋದದ್ದು ಇದಕ್ಕೇ.

"ಇದ್ಯಾರು ಕಟ್ಟಿದ್ದು?" ಎಂದ ಮುರುಗನ್.

ಕೆಂಚಮ್ಮ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಅದು... ಸಣ್ಣಮ್ಮನೂ ನಾನೂ ಕಟ್ಟುದ್ದು ಕಣಪ್ಪ. ಸೊಸೆ ತೌರಿಗ ಓದ್ ದಿನ. ಒಸ ಮದುವೆ ಗಂಡು, ಒಸ ಗಾಡಿ, ಕಣ್ಣು ಬೀಳದುಲ್ವಾ? ಒರಗ ಕಟ್ಟುದ್ರ ಎಲ್ಲಾರ್ಗೂ ಕಾಣ್ತದ. ಅದ್ಕೇ ಒಳಗಡೆ, ಗಾಡಿ ಕುತ್ತಿಗೆ ಎಲ್ಲದ ಅಂತ ನೋಡಿ..."

"ಗಾಡಿ ಕುತ್ತಿಗೇನೇ ಇಸುಕ್ದಂಗಾಯ್ತಲ್ಲವ್ವ!" ಎಂದ ಶಿವಮಲ್ಲು.

"ಯಾಕ್ಲಾ ಅಂಗಂತೀಯ? ಅಷ್ಟ್ ಕಡೆ ನಿಂತ್ರೂ ಒಂದ್ ದಪ ಬಿದ್ದುದ್ಯಾ? ಕಾಪಾಡ್ತು ಕಣ್ಲಾ!" ಎಂದು ಕೆಂಚಮ್ಮ ತಿರುಗಿಬಿದ್ದಳು. ದಾರ ಕತ್ತರಿಸಲು ಬಿಡಲಿಲ್ಲ. ಅರ್ಧ ಗಂಟೆ ವಾದವಾಗಿ, ಕೊನೆಗೆ ಗಂಟು ಬಿಚ್ಚಿ, ತಾಯ್ತವನ್ನು ಕನ್ನಡಿಗೆ ಕಟ್ಟಿದ ಮೇಲೆಯೇ ಅವಳು ಹತ್ತಿ ಕೂತದ್ದು. ಮುರುಗನ್ ಪ್ಲಗ್ಗನ್ನು ಒತ್ತಿ ಕೂರಿಸಿ, ಮೇಲೊಂದು ಕ್ಲಿಪ್ಪು ಹಾಕಿ, ಅದರ ಮೇಲೆ ತಂತಿ ಸುತ್ತಿ, "ಇನ್ನು ಈ ಜನ್ಮದಲ್ಲಿ ಲೈಟು ಬರಲ್ಲ. ಓಗು ರಾಜಾ, ಪೊಂಡಾಟೀನ ಪಾರು, ಎಂಡ್ತೀನ ನೋಡು" ಎಂದು ಹರಸಿ ಬೆನ್ನು ತಟ್ಟಿದ.

ಗಂಟೆ ಎರಡೂವರೆ. ಗಾಡಿ ಈಗ ಕಟ್ಟು ಬಿಚ್ಚಿದ ಹೋರಿ. ನಲವತ್ತು ಕಂಬ ಹೊತ್ತದ್ದು ಗೊತ್ತೇ ಆಗುತ್ತಿಲ್ಲ. ಆದರೂ ಶಿವಮಲ್ಲುವಿನ ಜೀವ ದೀಪದ ಗಾಜಿನ ಹಿಂದೆಯೇ ಇತ್ತು. ಒಂದೊಂದು ದಿಣ್ಣೆ ಬಂದಾಗಲೂ ರಸ್ತೆ ಬಿಟ್ಟು ದೀಪದ ಜಾಗ ನೋಡುತ್ತಿದ್ದ. ಅವನ ಈ ಓಟಕ್ಕೆ ಹೆದರಿ ಕೆಂಚಮ್ಮ ಕಣ್ಣು ಮುಚ್ಚಿ ಮಾದಪ್ಪನನ್ನು ಕರೆಯತೊಡಗಿದಳು. ಮನಸ್ಸಿನಲ್ಲಿ ಮಾತ್ರ ಅವನು ಆಗಲೇ ತಿಗನಾರೆಯ ಕಳ್ಳಿಬೇಲಿಯ ಪಕ್ಕ ನಿಂತಿದ್ದ. ಅವಳು ಮೊದಲು ಏನನ್ನುತ್ತಾಳೆ? ಸಣ್ಣಗಾಗಿದ್ದೀಯ ಅನ್ನುತ್ತಾಳೆ. ನಗುವಾಗ ಕೆಳತುಟಿ ಕಚ್ಚಿಕೊಳ್ಳುತ್ತಾಳೆ. ಇಪ್ಪತ್ತೇಳು ದಿನಕ್ಕೆ ಅದೊಂದನ್ನು ನೋಡಿದರೆ, ಉಳಿದ ಇಪ್ಪತ್ತೆಂಟನ್ನು ಹೇಗಾದರೂ ತಳ್ಳಬಹುದು.

ಹುಣಸೆಮರದ ಏರು ಬಂತು. ಶಿವಮಲ್ಲು ಉಸಿರು ಬಿಗಿಹಿಡಿದ. ಎರಡೂ ಕಣ್ಣನ್ನು ದೀಪದ ಮೇಲೆ ನೆಟ್ಟು, "ಅತ್ತಬ್ಯಾಡ ಕಣಪ್ಪ, ಅತ್ತಬ್ಯಾಡ" ಎನ್ನುತ್ತಾ ಕಾಲು ಕೊಟ್ಟ. ಗಾಡಿ ಗುಡುಗಿಕೊಂಡು ಏರಿತು. ತಲೆಯ ಮೇಲೆ ರಾಚ ತಟ್ಟಿದ, ಮತ್ತೊಂದು ಸಲ ತಟ್ಟಿದ. ಹೋಗು ಎಂಬ ಗುರುತು ಕೇಳಿ ಶಿವಮಲ್ಲು ಇನ್ನಷ್ಟು ತುಳಿದ. ರಾಚ ಇನ್ನೂ ತಟ್ಟಿದ, ತಮಟೆಯ ಹಾಗೆ ತಟ್ಟಿದ. ಅವನಿಗೂ ನನ್ನಷ್ಟೇ ಸಂತೋಷವಾಗಿದೆ, ಪಾಪ, ಎಂದುಕೊಂಡ ಶಿವಮಲ್ಲು. ಏರಿನ ನೆತ್ತಿ ದಾಟಿತು. ದೀಪ ಹತ್ತಲಿಲ್ಲ. ಅವನು ಜೋರಾಗಿ ಕೇಕೆ ಹಾಕಿದ.

ಚಿಕ್ಕಸಿದ್ದನ ಹೊಲದ ಮುಂದೆ ಗಾಡಿ ನಿಲ್ಲಿಸಿ, ರಾಚ ಏನೋ ಹೇಳಲು ಬಂದದ್ದನ್ನೂ ಕೇಳದೆ, ಅಂಗಿಯ ದೂಳು ಕೊಡವಿಕೊಂಡು ಬೇಲಿಯ ಹತ್ತಿರ ಓಡಿದ. ಅಂಗಳದಲ್ಲಿ ಕವಿತ ಇರಲಿಲ್ಲ. ಅತ್ತೆ ಸರೋಜಾ ಇದ್ದಳು. ಅಳಿಯನ ದನಿ ಕೇಳಿದ್ದೇ ಸೆರಗನ್ನು ಮುಖದ ತುಂಬ ಎಳೆದು, ಗೋಡೆಯ ಕಡೆ ತಿರುಗಿ ನಿಂತಳು. ಮುಖ ನೋಡುವಂತಿಲ್ಲ, ಮಾತಾಡುವಂತಿಲ್ಲ. ಹಾಗೆಂದು ಬಂದವರಿಗೆ ನೀರು ಕೊಡದೆ ಇರುವುದು ಹೇಗೆ? ಅವಳು ಕಟ್ಟಿಹಾಕಿದ್ದ ಹಸುವಿನ ಜೊತೆ ಮಾತಿಗಿಳಿದಳು.

"ಏ ಕೆಂಪಿ, ಬಂದಿರೋರ್ಗ ನೀರು ಆ ಕಲ್ಲಿನ್ ಮ್ಯಾಲ ಮಡಗಿವ್ನಿ, ಕುಡೀಲಿ ಅಂತೇಳು."

ಶಿವಮಲ್ಲುವೂ ಹಸುವನ್ನೇ ಕೇಳಿದ. "ಏ ಕೆಂಪಿ, ಮನೇಲಿ ಯಾರೂ ಇಲ್ವಾ?"

"ಕೆಂಪಿ, ಕವಿತ ಒಲದ ಕಡೀಕ ಉಲ್ಲಿಗ ಓಗವ್ಳ ಅಂತೇಳು. ಬೆಳಿಗ್ಗೇನೇ ಓದೋಳು, ಇನ್ನೂ ಬಂದಿಲ್ಲ."

ಹಸು ಇಬ್ಬರನ್ನೂ ನೋಡಿ ಬಾಲ ಬೀಸಿತು. ಅಷ್ಟರಲ್ಲಿ ಚಿಕ್ಕಸಿದ್ದ ಹೊಲದಿಂದ ಓಡಿಬಂದು ಶಿವಮಲ್ಲುವಿನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಅವನ ಮುಖದಲ್ಲಿ ಗಾಬರಿ.

"ಏನ್ಲಾ, ನೆಟ್ಟಗ ಇಲ್ಲೀಗೇ ಬಂದ್ಬುಟ್ಟೆ? ಉಣಸೇಮರದ ತವ ನಿಲ್ನಿಲ್ವಾ?"

"ಇಲ್ಲ ಕಣಣ್ಣ! ಗಾಡಿ ಸರಿ ಮಾಡಿಸ್ಬುಟ್ಟಿ. ಒಂದೇ ಉಸುರ್ಗ ಅತ್ತುತು!"

ಚಿಕ್ಕಸಿದ್ದ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತ. "ಅಯ್ಯೋ ಬುದ್ಧಿ ಇಲ್ದೋನೇ! ನಂಗ ಕಂಬ ಬೇಕಾಗಿದ್ದು ಮುಂದ್ಲ್ ತಿಂಗಳು ಕಣ್ಲಾ. ನಿನ್ ಎಂಡ್ರು ಬಂದು ಕಾಲಿಗ ಬಿದ್ಲು. 'ಅವ್ರ್ ಗಾಡಿ ಲೋಡಿದ್ರ ಆ ಮರದ ತವ ನಿಂತೇ ನಿಲ್ತದ ಕಣಣ್ಣ. ಮೂರ್ ಸಲ ಒಲದಿಂದ ನೋಡಿವ್ನಿ. ಮೂರ್ ಸಲನೂ ಓಡೋಡ್ ಬಂದಿವ್ನಿ, ನಾ ಬರಷ್ಟರಲ್ಲಿ ಒರಟೋಗವ್ರ. ಈ ಸಲ ಮುಂಚೇನೇ ಓಗಿ ಕಾಯ್ತೀನಿ, ನೀನು ಕಂಬ ತರ್ಸು, ಭಾರ್ವಾಗಿ ತುಂಬ್ಸು' ಅಂದ್ಲು. ಕೆಟ್ಟು ನಿಂತ ಗಾಡಿಗ ಬುತ್ತಿ ತಕ್ಕಂಡ್ ಓದ್ರ ಯಾರ್ ಏನಂದರು? ಅಲ್ಲಿ ಒಸಿಲದಾ, ಪಂಚಾಂಗ ಅದಾ? ನಮ್ಮನೇಲೇ ಕೋಳಿ ಸಾರು ಕಾಯ್ಸಿ, ಉಲ್ಲಿನ್ ಮಂಕ್ರಿಲಿ ಮುಚ್ಕಂಡು, ಒಂಬತ್ ಗಂಟೆಯಿಂದ ಆ ಮರದಡೀಲಿ ಕುಂತವ್ಳಲ್ಲೋ!"

ಶಿವಮಲ್ಲು ರಾಚನ ಕಡೆ ತಿರುಗಿದ.

"ಅದ್ನೇ ಕಣ್ಲಾ ನಾ ತಟ್ಟುದ್ದು!" ಎಂದ ರಾಚ. "ಎದ್ದು ನಿಂತ್ಕಂಡು ಕೈ ಬೀಸ್ತಿದ್ಲು. ಗಾಡಿ ಪಕ್ಕದಲ್ಲೇ ನಾಕ್ ಎಜ್ಜೆ ಓಡುದ್ಲು ಕಣ್ಲಾ."

"ನಿಲ್ಲಕ್ಕ ಒಂದ್ ಸಲ ತಾನೇ ತಟ್ಬೇಕು, ಮುಂಡೇದೇ!"

"ಒಂದೇ ಸಲ ತಟ್ದಿ. ನೀ ನಿಲ್ನಿಲ್ಲ. ಅದ್ಕೇ ಇನ್ನೊಂದ್ ಸಲ ತಟ್ದಿ!"

ಶಿವಮಲ್ಲು ಕಂಬಗಳು ಇಳಿಯುವ ಮುಂಚೆಯೇ ಗಾಡಿ ಹತ್ತಿ, ಕೆಂಚಮ್ಮನನ್ನೂ ಹೊತ್ತುಕೊಂಡು, ಬಂದ ದಾರಿಯಲ್ಲಿ ಹಾರಿಸಿದ. ಮರದಡಿಯಲ್ಲಿ ಯಾರೂ ಇರಲಿಲ್ಲ. ದನ ಮೇಯಿಸುವ ಮುದುಕ ಕಾಳ ಒಬ್ಬನೇ ಕೂತು ಎಲೆಯಲ್ಲಿ ಮೂಳೆ ಚೀಪುತ್ತಿದ್ದ.

"ಯಾರೋ ಎಣ್ಮಗಳು ಅಳ್ತಾ ಕೊಟ್ಬುಟ್ಟು ಓದ್ಲು ಕಣಪ್ಪ. ಒಲದ ಅಡ್ಡದಾರೀಲಿ ಓದ್ಲು. ಸಾರು ಬೋ ಪಸಂದಾಗದ" ಎಂದ.

ಮತ್ತೆ ತಿರುಗಿಸಿ ಏರಿಸಿದ. ನಲವತ್ತು ಕಲ್ಲು ಹೊತ್ತ ಗಾಡಿ ಎರಡನೇ ಸಲವೂ ಒಂದು ಚೂರು ಮುಕ್ಕಿರಿಯದೆ ನೆತ್ತಿ ದಾಟಿತು. ಮನೆಯ ಮುಂದೆ ಬಂದಾಗ ಬಾಗಿಲು ಅರ್ಧ ಮುಚ್ಚಿತ್ತು. ಹಿಂದಿನ ಬಾಗಿಲಿನಿಂದ ಕವಿತ ಒಳಗೆ ಬಂದಾಗಿತ್ತು. ಸೀರೆಯ ಅಂಚು, ಕಾಲುಂಗುರ ಅಷ್ಟೇ ಕಾಣುತ್ತಿತ್ತು. ಬಾಗಿಲಿಗೆ ಅಡ್ಡಲಾಗಿ ಗೋಡೆ ನೋಡಿಕೊಂಡು ಅತ್ತೆ. ಬೀದಿಯಲ್ಲಿ ಕೆಂಚಮ್ಮ ಆಗಲೇ ಇಳಿದು, ಸೇರಿದ ಹೆಂಗಸರಿಗೆಲ್ಲ ಬೇವಿನಮರ, ದಾರ, ಮುರುಗನ್ನನ ಕ್ಲಿಪ್ಪು, ತಂತಿ, ಒಂದನ್ನೂ ಬಿಡದೆ ವರದಿ ಒಪ್ಪಿಸುತ್ತಿದ್ದಳು.

"ಕವಿತಾ, ನಾ ನೋಡ್ನಿಲ್ಲ ಕಣೆ. ಮಾದಪ್ಪನಾಣೆ, ದೀಪ ನೋಡ್ತಿದ್ದೆ" ಎಂದ ಶಿವಮಲ್ಲು.

ಒಳಗಿನಿಂದ ದನಿ ಬಂತು. ಅದೂ ಹಸುವಿಗೇ. "ಕೆಂಪಿ, ಗಾಡಿ ಸರಿಯಾಯ್ತಂತ, ಬೋ ಸಂತೋಸ. ಇನ್ಮ್ಯಾಲ ಎಲ್ಲೂ ನಿಲ್ಲಂಗಿಲ್ವಂತ. ಚೆನ್ನಾಗಿ ಓಡಿಸ್ಕಂಡು ಓಗಕ್ಕೇಳು."

"ನಿನ್ನ ನೋಡಕ್ಕೇ ಕಣೆ ನಾನು ಅದುನ್ನ ಸರಿ ಮಾಡಿಸ್ದುದ್ದು!"

ಕವಿತ ಈ ಸಲ ಹಸುವನ್ನು ಬಿಟ್ಟು, ಅವನಿಗೇ, ಸಣ್ಣ ದನಿಯಲ್ಲಿ ಅಂದಳು. "ಕೆಟ್ಟೇ ಇದ್ದಿದ್ರ ಉಳ್ದ ಇಪ್ಪತ್ತೆಂಟ್ ದಿನದಲ್ಲಿ ನಾಕ್ ಸಲನಾದ್ರೂ ನಾ ನಿಮ್ಮ ನೋಡ್ತಿದ್ದಿ. ನಾ ದಿನಾ ರೋಡ್ನೇ ನೋಡ್ಕಂಡು ಕುಂತಿರ್ತಿದ್ದಿ ಕಣಿ."

ಶಿವಮಲ್ಲುವಿಗೆ ಹೊಸಿಲು ಎರಡೇ ಮಾರು ದೂರದಲ್ಲಿತ್ತು. "ನಂಗೂ ಅಂಗೇ ಕಣೆ" ಎಂದಷ್ಟೇ ಹೇಳಿದ. "ಕೆಂಪಿ, ಒತ್ತಾಯ್ತು, ಆನೆ ಇಳೀತದ, ಬಂದಿರೋರು ಒರಡಲಿ" ಎಂದಳು ಸರೋಜಾ, ಗೋಡೆಯ ಕಡೆಗೇ. ಅವಳ ದನಿಯೂ ಒದ್ದೆಯಾಗಿತ್ತು. ಆದರೆ ಎರಡು ಕ್ಯಾಲೆಂಡರಿನ ಮಾತು ಮೀರುವ ಧೈರ್ಯ ಅವಳಿಗಿರಲಿಲ್ಲ.

ಕಂಬ ಇಳಿಸಿ ಹೊರಟಾಗ ಐದು ಗಂಟೆ. ಹುಣಸೆಮರದ ಹತ್ತಿರ ಬಂದಾಗ ಶಿವಮಲ್ಲುವಿನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಗಾಡಿ ನಿಂತಿತು. ಅವನು ಕಿಟಕಿಯಿಂದ ಮಾವನ ಮನೆಯ ಹೆಂಚಿನ ಕಡೆ ನೋಡಿದ. ಹೊಗೆ ಏಳುತ್ತಿತ್ತು.

"ಯಾಕ್ಲಾ ನಿಲ್ಸುದೆ?" ಎಂದು ಕೆಂಚಮ್ಮ ಮೈಯೆಲ್ಲ ಕಣ್ಣಾಗಿ ಸ್ಟೀರಿಂಗಿನ ಹಿಂದಕ್ಕೆ ಬಗ್ಗಿದಳು. "ದೀಪ ಅತ್ತಿಲ್ವಲ್ಲ! ಕೆಟ್ಟು ನಿಂತ್ರ ಸರಿ, ಚೆನ್ನಾಗಿರೋ ಗಾಡೀನ ಇಲ್ಲಿ ನಿಲ್ಸುದ್ರ ಊರೋರ್ ಏನಂದಾರು? ನಡೀ ನಡೀ."

ಶಿವಮಲ್ಲು ಗಾಜಿನ ಹಿಂದೆ ನೋಡಿದ. ಆಕ್ಸಿಲೇಟರನ್ನು ಎರಡು ಸಲ ಸುಮ್ಮನೆ ತುಳಿದು ನೋಡಿದ. ಹತ್ತಪ್ಪ, ಒಂದೇ ಒಂದು ಸಲ ಹತ್ತು ಎಂದು ಮನಸ್ಸಿನಲ್ಲೇ ಕೈಮುಗಿದ. ಇಂಜಿನ್ನು ಯಾವ ಕಾಯಿಲೆಯೂ ಇಲ್ಲದೆ, ಗುಂಯ್ ಎಂದು ಸುಖವಾಗಿ ಉಸಿರಾಡುತ್ತಿತ್ತು. ಅವನು ಗೇರು ಹಾಕಿದ.